ಮಳೆ ನಿಂತ ಮೇಲೆ

ಮಂಗಳೂರು, 9 ಜುಲೈ 1963, ಮಂಗಳವಾರ

ಮೂರು ದಿನದಿಂದ ಸುಖವಾಗಿದ್ದೇನೆ, ಅದೇ ಚುಚ್ಚುತ್ತಿದೆ. ಇವತ್ತೂ ಮಳೆಯಲ್ಲೇ ಅಲೆಗೆ ಕಾಲೊಡ್ಡಿ ನನ್ನವಳು ಬಿದ್ದು ಬಿದ್ದು ನಕ್ಕಳು. ಬಂದು ಬಿಸಿ ನೀರುದೋಸೆ ತಿಂದೆವು.

ಈ ರೂಮು ಕೊಡಿಸಿದವನು ನಮ್ಮ ಶೆಟ್ಟಿಹಳ್ಳಿಯ ಕಂಟ್ರಾಕ್ಟರ್ ಚನ್ನರಾಯಪ್ಪ. ಬಸ್ಸು ಹತ್ತಿಸುವಾಗ, "ಮಳೆ ನಿಂತ್ಮೇಲೆ ಬಾ ಗುರು, ಅಲ್ಲೀಗಂಟ ಹೊಲ ಯಾರೂ ಅಳೆಯಲ್ಲ" ಅಂದ. ನಮ್ಮ ಕಡೆ ಮಳೆ ಸಂಜೆಗೆ ನಿಲ್ಲುತ್ತದೆ. ಹೂಂ ಅಂದೆ.

ಮಳೆ ಯಾವಾಗ ನಿಲ್ಲುತ್ತೆ ಎಂದು ಹೋಟೆಲಿನ ಭಟ್ಟರನ್ನು ಕೇಳಿದೆ. "ನಿಲ್ಲುವುದಾ? ನವರಾತ್ರಿ ಕಳೀಬೇಕು ಮಾರಾಯ್ರೇ!"

ನನ್ನವಳ ನಗು ನಿಂತಿತು. "ಆ ಕಂಟ್ರಾಕ್ಟರ್ ಬೇಕಂತ್ಲೇ ನಿಮ್ಮನ್ನ ಊರು ಬಿಡ್ಸಿದ್ದಾನೆ ಕಣ್ರೀ."

ಥೂ, ನನ್ನ ಬುದ್ಧಿಗೆ! ನಮ್ಮ ಹೊಲ ಕಿತ್ತುಕೊಳ್ಳಲು ಅಳತೆ ಸರಪಳಿ ಹಿಡಿದು ಬಂದವರಿಗೆ ಎರಡು ಸಲ ಅಡ್ಡ ಮಲಗಿದವನು ನಾನು. ಈಗ ಅಲ್ಲಿ ಬಿಸಿಲು ಬಿದ್ದಿರುತ್ತದೆ, ಅಳತೆಯೂ ನಡೆದಿರುತ್ತದೆ. ಇಲ್ಲಿ ಘಾಟಿ ಕುಸಿದು ಬಸ್ಸಿಲ್ಲ. ನಾಳೆ ನಡೆದಾದರೂ ಊರಿಗೆ ಹೊರಡಬೇಕು.