ಜೇಬಿನಲ್ಲಿರಬೇಕಾದ ಕೈಗಳು

ನವೆಂಬರ್ ೯, ಶನಿವಾರ

ಈ ಮನುಷ್ಯನಿಗೆ ಹೇಗೆ ಹೇಳಲಿ ಎಂದೇ ತಿಳಿಯುತ್ತಿಲ್ಲ. ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ, ಪುನರ್ವಸತಿ ಕೇಂದ್ರದಲ್ಲಿ ಆರು ವಾರ ಒದ್ದಾಡಿ ಎಡಗೈಯಲ್ಲಿ ರೈ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ಕಲಿತೆ. ಹನ್ನೊಂದು ನಿಮಿಷ ಬೇಕು, ಇರಲಿ. ಎರಡು ದಿನದ ರಜೆಗೆಂದು ಮನೆಗೆ ಬಂದರೆ, ಬೆಳಿಗ್ಗೆ ನಾನು ಕೂರುವ ಮೊದಲೇ ಗಂಡ ಬೆಣ್ಣೆ ಸವರಿ, ಮೀನಿಟ್ಟು, ಮಗುವಿಗೆ ಮಾಡುವಂತೆ ಚೂರು ಮಾಡಿಟ್ಟಿದ್ದ!

"ಆಸ್ಗರ್, ನಾನೇ ಮಾಡ್ಕೋತೀನಿ ಅಂದಿದ್ದೆ ತಾನೆ?"

"ನೀನು ಪಡೋ ಪಾಡು ನೋಡೋಕಾಗಲ್ಲ ಕಣೇ."

"ಹಾಗಾದ್ರೆ ನೋಡ್ಬೇಡ. ಕಿಟಕಿ ಕಡೆ ತಿರುಗು."

ಕೇಂದ್ರದಲ್ಲಿ ನನಗೆ ಕಲಿಸುವ ಬೊಡಿಲ್ ನಿನ್ನೆಯೇ ಅವನಿಗೆ ಹೇಳಿದ್ದಳು: "ಅವರಾಗಿ ಕೇಳೋವರೆಗೂ ನಿಮ್ಮ ಕೈ ಜೇಬಲ್ಲಿರ್ಲಿ. ನೀವು ಮಾಡಿಕೊಟ್ಟಷ್ಟೂ ಅವರ ಕೈ ಕಲಿತಿದ್ದನ್ನ ಮರೆಯುತ್ತೆ."

ಅದನ್ನೇ ನೆನಪಿಸಿ ರೇಗಿದೆ. ಸಂಜೆ ಊಟಕ್ಕೆ ಎರಡೂ ಕೈ ಪ್ಯಾಂಟಿನ ಜೇಬಿಗಿಳಿಸಿ ಮೇಜಿನ ಪಕ್ಕ ನಿಂತ, ಕೂರಲೂ ಇಲ್ಲ. ಬ್ರೆಡ್ಡು ಎರಡು ಸಲ ತಟ್ಟೆಯಿಂದ ಜಾರಿತು, ಮೂರನೆಯ ಸಲ ಬೆಣ್ಣೆ ಸಮೇತ ನೆಲಕ್ಕೆ ಬಿತ್ತು. ಅವನು ಮಿಸುಕಲಿಲ್ಲ, ಜೇಬೊಳಗೆ ಮುಷ್ಟಿಗಳು ಮಾತ್ರ ಕೆಳಕ್ಕೆ ಒತ್ತುತ್ತಿದ್ದವು. ನಾನೇ ಬಗ್ಗಿ ಎತ್ತಿಕೊಂಡೆ. ಹದಿನಾಲ್ಕು ನಿಮಿಷಕ್ಕೆ ಮೊದಲ ತುತ್ತು. ಬೆಣ್ಣೆ ಒಂದೇ ಕಡೆ ಮುದ್ದೆಯಾಗಿತ್ತು. ನಾನೇ ಸವರಿದ್ದು.

ಈಗ ಅವನು ಮಲಗಿದ್ದಾನೆ, ಪ್ಯಾಂಟು ಕುರ್ಚಿಯ ಮೇಲಿದೆ. ನೋಡಿದರೆ ಎರಡೂ ಜೇಬಿನ ಒಳಹೊಲಿಗೆ ಹರಿದುಹೋಗಿದೆ.

ಸೋಮವಾರ ಬೊಡಿಲ್ ಮುಂದಿನ ಗುರಿ ಏನೆಂದು ಕೇಳುತ್ತಾಳೆ. ಒಂದೇ ಕೈಯಲ್ಲಿ ಸೂಜಿಗೆ ದಾರ ಪೋಣಿಸುವುದು ಎನ್ನಬೇಕು. ಅಷ್ಟರೊಳಗೆ ಈ ಪುಣ್ಯಾತ್ಮ ಜೇಬನ್ನು ತಾನೇ ಹೊಲಿದುಕೊಂಡು ಕೂತಿರದಿದ್ದರೆ ಸಾಕು.