ಅಣ್ಣನ ಬಂದೂಕಿಗೆ ದುರ್ಬೀನು

ಸಟನ್, ೧೨ ಮೇ ೧೯೯೮

ಅಣ್ಣನಿಗೆ ಚನ್ನಬಸವ್ವನ ಶರಣು.

ನರಿಗಳಿಂದ ಗೋವಿನಜೋಳ ಕಾಯುವ ನಿನ್ನ ಬಂದೂಕಿಗೆ, ನೀನು ಹೇಳಿದಂತೆ ಹನ್ನೆರಡು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಕೇಳಲು ಮಗಳು ಸ್ಫೂರ್ತಿಯ ಜೊತೆ ಇಲ್ಲಿನ ಬಂದೂಕಿನ ಅಂಗಡಿಗೆ ಹೋಗಿದ್ದೆ.

"ಅವ್ವಾ, ಮಾಮಾ ಎಷ್ಟು ದೂರದಿಂದ ಗುರಿ ಇಡ್ತಾನಂತ ಕೇಳಾಕತ್ತಾರ" ಎಂದು ಅಂಗಡಿಯವನ ಇಂಗ್ಲಿಷನ್ನು ನನಗೆ ಬಿಡಿಸಿ ಹೇಳಿದಳು ಮಗಳು.

"ನಮ್ಮ ಹೊಲಾನ ನೂರು ಹೆಜ್ಜಿ ಐತಿ" ಎಂದೆ.

ಅಂಗಡಿಯ ಮುದುಕ ನಕ್ಕು, ಹನ್ನೆರಡು ಪಟ್ಟಿನದೊಂದು, ನಾಲ್ಕು ಪಟ್ಟಿನದೊಂದು ದುರ್ಬೀನು ಕೊಟ್ಟು ಕಿಟಕಿ ತೋರಿಸಿದ. ಎದುರಿನ ರೈಲು ದಿಬ್ಬದ ಮೇಲೆ ನರಿಯೊಂದು ಹಾಡಹಗಲೇ ಬಿಸಿಲು ಕಾಯಿಸುತ್ತ ಮಲಗಿತ್ತು. ಹನ್ನೆರಡರಲ್ಲಿ ನೋಡಿದರೆ ಬರೀ ಮೀಸೆ. ನಾಲ್ಕರಲ್ಲಿ ಇಡೀ ನರಿ ಕಂಡಿತು, ಅದರ ಬಾಲ ಎಳೆಯುತ್ತಿದ್ದ ಮೂರು ಮರಿಗಳೂ ಕಂಡವು. ನಾಲ್ಕರದನ್ನೇ ಕೊಂಡೆ.

ನನ್ನ ಮೊಣಕಾಲ ನೋವು ಅರ್ಧ ಇಳಿದಿದೆ. ಈ ಕಾರ್ಡಿನಲ್ಲಿ ಬರೆಯಲು ಜಾಗ ಮುಗಿಯಿತು. ಈ ದುರ್ಬೀನಿನಲ್ಲಿ ಮರಿ ಕಂಡ ಮೇಲೆ ನೀನು ಗುಂಡು ಹಾರಿಸುವವನಲ್ಲ, ಈ ವರ್ಷವೂ ಗೋವಿನಜೋಳ ನರಿಗೇ.

ನಿನ್ನ ತಂಗಿ