ಹುಳದ ಮನೆಯ ಮೈಲಿಗೆ

16-8-1983, ಮಂಗಳವಾರ

ತಂಗಿ ಆದಿಲಕ್ಷ್ಮಿಯ ಜ್ವರ ಇಂದೂ ಇಳಿಯಲಿಲ್ಲ. ಕುತ್ತಿಗೆಯ ಗಡ್ಡೆ ಕ್ಯಾನ್ಸರ್ ಎಂದು ಕೋಲಾರದ ಡಾಕ್ಟರು ನನಗೊಬ್ಬನಿಗೇ ಹೇಳಿದ್ದಾರೆ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ.

ಅಮ್ಮ ಗಡ್ಡೆಗೆ ಸುಣ್ಣ ಬೆಲ್ಲ ಬಳಿಯುತ್ತಾ ಬೈದಳು: "ಮುಟ್ಟಾದಾಗ ರೇಷ್ಮೆಹುಳದ ಮನೆಗೆ ಹೋಗ್ಬೇಡ ಅಂದ್ರೆ ಕೇಳಿದ್ಯೇನೇ? ಹುಳ ಎಲ್ಲಾ ಸತ್ತೋದ್ವು, ನಿಂಗೂ ಜ್ವರ ಹತ್ಕೊಂತು. ಕುರುಡುಮಲೆ ಗಣಪತಿಗೆ ತಪ್ಪುಕಾಣಿಕೆ ಕಟ್ಟಿದೀನಿ."

ಅಮ್ಮ ಒಳಗೆ ಹೋದ ಮೇಲೆ ತಂಗಿ ಕೇಳಿದಳು: "ಅಣ್ಣಾ, ಕಾಣಿಕೆ ಹಾಕಿದ್ರೆ ಹೋಗ್ತದಲ್ವಾ?"

ಹೌದು ಎಂದಿದ್ದರೆ ನೆಮ್ಮದಿಯಾಗಿ ಮಲಗುತ್ತಿದ್ದಳು. ಸುಳ್ಳಾಡಲು ಬಾರದ ನನ್ನ ಹಾಳು ನಾಲಿಗೆ, "ನಿನ್ ತಪ್ಪೇನೂ ಇಲ್ಲ ಕಣೇ" ಎಂದಿತು.

ಅವಳ ಮುಖ ಬಿಳಿಚಿಕೊಂಡಿತು. "ಹಂಗಾದ್ರೆ ಯಾಕ್ ಬಂತು? ಹೆಂಗೆ ಹೋಗ್ತದೆ?"

ಹುಳಕ್ಕೆ ಸೊಪ್ಪು ಹಾಕಬೇಕು ಎಂದು ಹೇಳಿ ಎದ್ದುಬಂದೆ. ಇಲ್ಲಿ ಹುಳದ ಮನೆಯಲ್ಲಿ ತಟ್ಟೆಗಳೆಲ್ಲ ಖಾಲಿ. ಅದು ಅವಳಿಗೂ ಗೊತ್ತು.